ಹೇಳಿದ ಕಥೆಯನ್ನು ಮತ್ತೆ ಹೇಳುವವರು

ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಜುರಾಸಿಕ್ ಪಾರ್ಕ್’ ಚಿತ್ರವು 1993ರಲ್ಲಿ ತೆರೆಕಂಡು, ಮರುವರ್ಷ ಹಿಂದಿಯ ಮಾತು ತೊಟ್ಟು ನಮ್ಮ ದೇಶದ ಊರೂರುಗಳಿಗೆ ಬಂದಿತು. ನೌಕರಿಯ ನಿಮಿತ್ತ ಹಾವೇರಿ ಸೀಮೆಯನ್ನು ಬಿಟ್ಟು, ಘಟ್ಟ ಇಳಿದು, ನಾವು ಬಂಟ್ವಾಳದಲ್ಲಿ ನೆಲೆಸಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಮಕ್ಕಳನ್ನು ಮಂಗಳೂರಿಗೆ ಕರೆದೊಯ್ದು, ಎಡಕ್ಕೊಬ್ಬರನ್ನು ಬಲಕ್ಕೊಬ್ಬರನ್ನು ಕೂರಿಸಿಕೊಂಡು ಆ ಚಿತ್ರವನ್ನು ನೋಡಿದೆವು. ಮಳೆ ಸುರಿಯುತ್ತಿದೆ, ಲೋಟದೊಳಗಿನ ನೀರು ತನ್ನಷ್ಟಕ್ಕೆ ತಾನೇ ನಡುಗುತ್ತದೆ, ಪ್ರಾಣಿ ಇನ್ನೂ ಕಂಡಿಲ್ಲ. ಇಡೀ ಚಿತ್ರಮಂದಿರ ಉಸಿರು ಹಿಡಿದು ಕುಳಿತಿತ್ತು. ಎರಡು ಗಂಟೆಗೂ ಮಿಕ್ಕಿದ ಆ ಚಿತ್ರದಲ್ಲಿ ಡೈನೋಸಾರುಗಳು ಕಣ್ಣಿಗೆ ಬೀಳುವುದು ಸುಮಾರು 15 ನಿಮಿಷ ಮಾತ್ರವೆಂದು ಲೆಕ್ಕ ಹಾಕಿದವರು ಹೇಳುತ್ತಾರೆ. ಮಿಕ್ಕ ಹೊತ್ತೆಲ್ಲ ಮನುಷ್ಯರ ಹಮ್ಮು, ಹಣದಾಸೆ, ಅಂಜಿಕೆಗಳ ಕಥೆ.

ಅಂದು ನಮ್ಮ ಪಕ್ಕದಲ್ಲಿ ಕುಳಿತಿದ್ದ ಮಕ್ಕಳಿಗೆ ಈಗ ಮಕ್ಕಳಾಗಿವೆ. ಆ ಚಿತ್ರಕ್ಕೂ ಆರು ಮರಿಗಳಾಗಿವೆ: 1997, 2001, 2015, 2018, 2022, 2025. ಮೊಮ್ಮಕ್ಕಳ ಕೃಪೆಯಿಂದ ಆರನ್ನೂ ನಾವು ನೋಡಿ ಮುಗಿಸಿದ್ದೇವೆ. ಪ್ರಾಣಿಗಳ ಗಾತ್ರ ಹೆಚ್ಚಿತು, ಹಲ್ಲುಗಳು ಹೆಚ್ಚಿದವು, ಓಡುವವರ ಸಂಖ್ಯೆ ಹೆಚ್ಚಿತು. ನಡುಗುವ ಲೋಟ ಮಾತ್ರ ಮತ್ತೆ ಬರಲಿಲ್ಲ. 2015ರ ‘ಜುರಾಸಿಕ್ ವರ್ಲ್ಡ್’ ಚಿತ್ರದಲ್ಲಿ ಉದ್ಯಾನವನ್ನು ನಡೆಸುವವರು ಒಂದು ಮಾತನ್ನು ಒಪ್ಪಿಕೊಳ್ಳುತ್ತಾರೆ. ಸಾಮಾನ್ಯ ಡೈನೋಸಾರುಗಳನ್ನು ನೋಡಿ ನೋಡಿ ಜನಕ್ಕೆ ಸಾಕಾಗಿದೆಯಂತೆ. ಆದ್ದರಿಂದ ಹಲವು ಜೀವಿಗಳ ಅಂಶಗಳನ್ನು ಬೆರೆಸಿ, ಹಿಂದೆಂದೂ ಇರದಿದ್ದ ಇನ್ನೂ ದೊಡ್ಡದೊಂದು ಪ್ರಾಣಿಯನ್ನು ಸೃಷ್ಟಿಸಿದ್ದಾರಂತೆ. ಇದು ಕಥೆಯೊಳಗಿನ ವ್ಯಾಪಾರಿಗಳ ಮಾತೋ, ಕಥೆಯನ್ನು ತಯಾರಿಸಿದ ವ್ಯಾಪಾರಿಗಳ ಮಾತೋ ಎಂದು ನಮಗೆ ನಗು ಬಂದಿತು. ಇಷ್ಟು ಪ್ರಾಮಾಣಿಕವಾಗಿ ತನ್ನ ಕೊರತೆಯನ್ನು ತಾನೇ ಹೇಳಿಕೊಂಡ ಚಿತ್ರ ಬೇರೊಂದಿರಲಾರದು.

ಮುಂದುವರಿದ ಭಾಗಗಳೆಲ್ಲ ಹೀಗೆಯೇ ಎಂದು ತಳ್ಳಿಹಾಕುವವರ ಗುಂಪಿಗೆ ನಾವು ಸೇರಿದವರಲ್ಲ. ಜೇಮ್ಸ್ ಕ್ಯಾಮರಾನ್ ಅವರ ‘ಟರ್ಮಿನೇಟರ್’ 1984ರಲ್ಲಿ ಬಂದಾಗ, ಭವಿಷ್ಯದಿಂದ ಬಂದ ಯಂತ್ರಮಾನವನೊಬ್ಬ ಒಬ್ಬ ಹೆಣ್ಣುಮಗಳನ್ನು ಕೊಲ್ಲಲು ಅಟ್ಟಿಸಿಕೊಂಡು ಹೋಗುವುದಷ್ಟೇ ಅದರ ಕಥೆ. 1991ರ ಎರಡನೆಯ ಭಾಗದಲ್ಲಿ ಅದೇ ಮುಖದ ಯಂತ್ರವು ಆಕೆಯ ಮಗನನ್ನು ಕಾಪಾಡಲು ಬರುತ್ತದೆ. ಕೊಲ್ಲಲು ಹುಟ್ಟಿದ್ದು ಕಾಯುವುದನ್ನು ಕಲಿಯಬಲ್ಲದೇ ಎಂಬ ಪ್ರಶ್ನೆ ಮೊದಲ ಚಿತ್ರದಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಅದೇ ಜೀವಾಳ. ಅಲ್ಲಿಗೇ ನಿಲ್ಲಿಸಿದ್ದರೆ ಆ ಕಥೆಗೆ ಮರ್ಯಾದೆ ಇರುತ್ತಿತ್ತು. ನಿಲ್ಲಿಸಲಿಲ್ಲ. ಮತ್ತೆ ನಾಲ್ಕು ಬಂದವು. 2019ರದಂತೂ, ಎರಡು ಚಿತ್ರಗಳುದ್ದಕ್ಕೂ ತಾಯಿಯೊಬ್ಬಳು ಪ್ರಾಣ ಪಣಕ್ಕಿಟ್ಟು ಉಳಿಸಿಕೊಂಡ ಆ ಹುಡುಗನನ್ನು ಆರಂಭದ ಕೆಲವೇ ನಿಮಿಷಗಳಲ್ಲಿ ಕೊಂದು, ಹೊಸ ವ್ಯಾಪಾರಕ್ಕೆ ಜಾಗ ತೆರವು ಮಾಡಿಕೊಂಡಿತು. ಹಿಂದಿನವರು ಕಟ್ಟಿದ ಮನೆಯ ಕಂಬ ಕಿತ್ತು ತನ್ನ ಮನೆಗೆ ತೊಲೆ ಮಾಡಿಕೊಳ್ಳುವ ಈ ಬುದ್ಧಿಯನ್ನು ನಾವು ಕ್ಷಮಿಸಲಾರೆವು.

ನಮ್ಮ ಆಕ್ಷೇಪ ಹೇಳಿದ ಕಥೆಯನ್ನು ಮತ್ತೆ ಹೇಳಿದರೆಂಬುದಲ್ಲ. ಹಾಗೆ ಆಕ್ಷೇಪಿಸುವವರು ಈ ತುಳುನಾಡಿನಲ್ಲಿ ಒಂದು ದಿನವೂ ಬಾಳಲಾರರು. ಕಟೀಲಿನ ಮೇಳಗಳ ‘ಶ್ರೀ ದೇವಿ ಮಹಾತ್ಮೆ’ಯನ್ನು ಹರಕೆಯ ಆಟವಾಗಿ ಆಡಿಸಲು ಭಕ್ತರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಕಥೆ ಎಲ್ಲರಿಗೂ ಗೊತ್ತು. ಮಹಿಷಾಸುರ ಸಾಯುವನೆಂಬುದು ಎಳೆಯ ಮಗುವಿಗೂ ಗೊತ್ತು. ಆದರೂ ದೊಂದಿಯ ಬೆಳಕಿನಲ್ಲಿ, ರಾಳದ ಹುಡಿ ಭಗ್ಗೆಂದು ಉರಿಯುವಾಗ, ಪ್ರೇಕ್ಷಕರ ನಡುವಿನಿಂದಲೇ ಅವನು ಕೋಡು ತೂಗುತ್ತ ಬಂದನೆಂದರೆ ಮಕ್ಕಳು ಅಜ್ಜಿಯ ಸೆರಗಿನೊಳಗೆ ಸೇರಿಕೊಳ್ಳುತ್ತವೆ. ಘಟ್ಟದ ಮೇಲಿಂದ ಬಂದ ನಮಗೆ ಮೊದಮೊದಲು ಇದರ ಗುಟ್ಟು ತಿಳಿಯಲಿಲ್ಲ. ಗೊತ್ತಿರುವುದನ್ನೇ ನೋಡಲು ಇವರೇಕೆ ನಿದ್ದೆಗೆಡುತ್ತಾರೆ ಎಂದು ನಮ್ಮ ಮನೆಯವರು ಕೇಳುತ್ತಿದ್ದರು. ಧರ್ಮಸ್ಥಳ ಮೇಳದ ಆಟವೊಂದನ್ನು ಬೆಳ್ತಂಗಡಿಯ ಕಡೆಯ ಸ್ನೇಹಿತರ ಮನೆಯಂಗಳದಲ್ಲಿ ಕುಳಿತು ನೋಡಿದಾಗ, ಆ ಮನೆಯ ಯಜಮಾನರು ನಮಗೆ ವಿವರಿಸಿದರು. ಪದ್ಯ ಹಳೆಯದು, ಅದನ್ನು ಬದಲಿಸುವಂತಿಲ್ಲ. ಆದರೆ ಪದ್ಯದ ಮೇಲೆ ವೇಷಧಾರಿ ಆಡುವ ಮಾತು, ಅಂದರೆ ಅರ್ಥ, ಆ ರಾತ್ರಿಯದು. ಇಂದಿನ ವಾಲಿ ರಾಮನಿಗೆ ಹಾಕುವ ಪ್ರಶ್ನೆ ನಿನ್ನಿನದಾಗಿರಬೇಕೆಂದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಏನೆಂದ, ರಾವಣ ಏನೆಂದ ಎಂಬುದನ್ನು ಅವರು 2006ರಲ್ಲಿ ತೀರಿಕೊಂಡ ಮೇಲೂ ಈ ಸೀಮೆಯ ಹಿರಿಯರು ಚರ್ಚಿಸುತ್ತ ಕೂರುತ್ತಾರೆ. ಕಥೆ ಮುಗಿದಿದೆ, ಪ್ರಶ್ನೆ ಮುಗಿದಿಲ್ಲ. ಸಾವಿರ ಸಲ ಆಡಿದರೂ ಪ್ರಸಂಗ ಹಳಸದಿರುವುದು ಇದರಿಂದ.

ಇದೇ ಅಳತೆಗೋಲನ್ನು ಹಿಡಿದು ನೋಡಿದರೆ, ವೈಜ್ಞಾನಿಕ ಕಥೆಗಳೆಂದು ಇಂದು ಕರೆಸಿಕೊಳ್ಳುವ ಎಷ್ಟೋ ಚಿತ್ರಗಳ ಬೀಜವು ನಮ್ಮ ಜನಕ್ಕೆ ಅಪರಿಚಿತವೇನಲ್ಲ. ವರ ಕೊಟ್ಟವನ ತಲೆಯ ಮೇಲೆಯೇ ಕೈಯಿಡಲು ಹೊರಟ ಭಸ್ಮಾಸುರನ ಕಥೆ ಯಕ್ಷಗಾನದ ಜನಪ್ರಿಯ ಪ್ರಸಂಗ. 1818ರಲ್ಲಿ ಮೇರಿ ಶೆಲ್ಲಿ ಎಂಬ ಹೆಣ್ಣುಮಗಳು ಬರೆದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯೂ ಸೃಷ್ಟಿಸಿದವನಿಗೇ ಸೃಷ್ಟಿ ಮೃತ್ಯುವಾದ ಕಥೆಯೇ. ಡೈನೋಸಾರುಗಳ ಉದ್ಯಾನವೂ ಅದೇ, ಯಂತ್ರಮಾನವನೂ ಅದೇ. ಆದರೆ ಶೆಲ್ಲಿಯವರು ಒಂದು ಹೆಜ್ಜೆ ಮುಂದಿಟ್ಟು, ಸೃಷ್ಟಿಯಾದ ಜೀವಿಯ ಬಾಯಿಗೆ ಮಾತು ಕೊಟ್ಟರು. ನನ್ನನ್ನು ಹುಟ್ಟಿಸಿ ಕೈಬಿಟ್ಟೆಯೇಕೆ ಎಂದು ಅದು ತನ್ನ ಕರ್ತನನ್ನು ಕೇಳುತ್ತದೆ. ನಮ್ಮ ಭಸ್ಮಾಸುರನಿಗೂ ಯಾರಾದರೂ ಅಂಥ ಅರ್ಥ ಹೇಳಿಸಿದರೆ ಕೇಳಲು ನಾವು ಘಟ್ಟ ಹತ್ತಿಯೂ ಹೋಗಿಬಂದೇವು.

ಮೂಲದಲ್ಲಿದ್ದಂತೆ ಇಲ್ಲ ಎಂಬ ದೂರು ಇನ್ನೊಂದು. ಕಾದಂಬರಿಯನ್ನು ಓದಿದವರು ಚಿತ್ರ ನೋಡಿ ಸಿಟ್ಟಾಗುವುದು ಲೋಕರೂಢಿ. ಈ ಜಗಳದ ಬಹು ಸೊಗಸಾದ ಉದಾಹರಣೆ ಹಾಲಿವುಡ್ಡಿನಲ್ಲಿಲ್ಲ, ನಮ್ಮ ಮೂಡಬಿದಿರೆಯಲ್ಲಿದೆ. ಅಲ್ಲಿಯವನಾದ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ಸಾಂಗತ್ಯದ ಸುಮಾರು ಹತ್ತು ಸಾವಿರ ಪದ್ಯಗಳಲ್ಲಿ ‘ಭರತೇಶ ವೈಭವ’ವನ್ನು ಬರೆದನು. ಭರತ ಬಾಹುಬಲಿಯರ ಕಥೆಯನ್ನು ಅವನಿಗೆ ಆರು ನೂರು ವರ್ಷಗಳ ಹಿಂದೆಯೇ, 941ರಲ್ಲಿ, ಪಂಪನು ‘ಆದಿಪುರಾಣ’ದಲ್ಲಿ ಹೇಳಿ ಮುಗಿಸಿದ್ದನು. ಅಲ್ಲಿ ಅಣ್ಣತಮ್ಮಂದಿರು ದೃಷ್ಟಿಯಲ್ಲಿ, ಜಲದಲ್ಲಿ, ಮಲ್ಲಯುದ್ಧದಲ್ಲಿ ಸೆಣಸುತ್ತಾರೆ. ಸೋತ ಭರತನು ಚಕ್ರವನ್ನು ಪ್ರಯೋಗಿಸುತ್ತಾನೆ. ಗೆದ್ದ ಬಾಹುಬಲಿಗೆ ವೈರಾಗ್ಯವುಂಟಾಗುತ್ತದೆ. ರತ್ನಾಕರನೋ, ಕಥೆಯ ಮುಖವನ್ನೇ ಭರತನ ಕಡೆಗೆ ತಿರುಗಿಸಿದನು. ಭೋಗದ ನಡುವೆಯೇ ಯೋಗಿಯಾಗಿರುವ ಗೃಹಸ್ಥ ಅವನ ಭರತ. ತಮ್ಮನ ಮೇಲೆ ಕೈಯೆತ್ತುವ ಸಂದರ್ಭವನ್ನು ಆ ಕವಿ ಮಾತಿನಿಂದಲೇ ತಪ್ಪಿಸಿಬಿಟ್ಟನು.

ಪರಂಪರೆಯನ್ನು ಬಲ್ಲವರು ಸುಮ್ಮನಿದ್ದಾರೆಯೇ? ಗ್ರಂಥವನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಬೇಕೆಂಬ ಕೋರಿಕೆಗೆ, ಶಾಸ್ತ್ರಕ್ಕೆ ವಿರುದ್ಧವಾದ ಪದ್ಯಗಳು ಇದರಲ್ಲಿವೆಯೆಂದು ಗುರುಗಳು ಒಪ್ಪದಿರಲು, ಕವಿಯು ಕೋಪಗೊಂಡು ಜೈನಮತವನ್ನು ತೊರೆದು ವೀರಶೈವನಾದನೆಂದೂ, ಕಾಲಾಂತರದಲ್ಲಿ ಮರಳಿ ಜೈನನಾದನೆಂದೂ ಐತಿಹ್ಯವಿದೆ. ದೇವಚಂದ್ರನ ‘ರಾಜಾವಳಿ ಕಥೆ’ಯಿಂದಾಗಿ ಇದು ನಾಡಿಗೆಲ್ಲ ತಿಳಿಯಿತು. ನಮ್ಮ ಪತ್ರಿಕೆಯ ಓದುಗರಿಗೆ ಇದರಲ್ಲಿ ಒಂದು ವಿಶೇಷ ಸ್ವಾರಸ್ಯ ಕಂಡರೆ ಆಶ್ಚರ್ಯವಿಲ್ಲ. ಆದರೆ ಕವಿ ಯಾರ ಮನೆಗೆ ಎಷ್ಟು ದಿನ ಬಂದಿದ್ದನೆಂಬ ಲೆಕ್ಕಕ್ಕಿಂತ, ಒಂದು ರೂಪಾಂತರದ ಹಿಂದೆ ಮತವನ್ನೇ ಬಿಡುವಷ್ಟು ಛಲವಿತ್ತೆಂದು ಜನ ನಂಬಿದರಲ್ಲ, ಅದು ದೊಡ್ಡದು. ಇಂದು ಕೋಟಿಗಟ್ಟಲೆ ಡಾಲರು ಸುರಿದು ಏಳನೆಯ ಭಾಗವನ್ನು ತೆಗೆಯುವವರಲ್ಲಿ ಯಾರು ತಮ್ಮ ಕಥೆಗಾಗಿ ಏನನ್ನು ಬಿಟ್ಟಾರು? ನಮ್ಮ ಹಿರಿಯರೂ ಈ ವಿಷಯದಲ್ಲಿ ಬಿಗಿಯಾಗಿರಲಿಲ್ಲ. 15, 16ನೆಯ ಶತಮಾನಗಳಲ್ಲಿ ಶೂನ್ಯಸಂಪಾದನೆಯು ಒಬ್ಬರ ತರುವಾಯ ಒಬ್ಬರ ಕೈಯಲ್ಲಿ ಮತ್ತೆ ಮತ್ತೆ ಸಂಕಲನಗೊಂಡಿತು. ಹಿಂದಿನವರದು ಸಾಲದೆನಿಸಿದ್ದಕ್ಕೆ ಪ್ರತಿಯೊಬ್ಬರಿಗೂ ಕಾರಣವಿತ್ತು.

ಬಾಹುಬಲಿಯ ಮಾತು ಬಂದುದರಿಂದ ವೇಣೂರಿನ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ 35 ಅಡಿಯ ಗೊಮ್ಮಟನಿಗೆ 2024ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕವಾಯಿತು. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನನ್ನು ಕರೆದೊಯ್ದಿದ್ದೆವು. ಅವನು ಮೂರ್ತಿಯನ್ನು ಕತ್ತೆತ್ತಿ ನೋಡಿ, “ಅಜ್ಜಾ, ಬಾಹುಬಲಿ ಪಾರ್ಟ್ ತ್ರೀ ಇದೇನಾ?” ಎಂದ. ಸುತ್ತಲಿದ್ದವರು ನಕ್ಕರು. ನಾವೂ ನಕ್ಕೆವು. ಆದರೆ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ರಾಜಮೌಳಿಯವರ 2015 ಮತ್ತು 2017ರ ಎರಡು ಚಿತ್ರಗಳು ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಹಿಡಿದಿದ್ದವು; ರಾಜ್ಯವನ್ನು ಗೆದ್ದು ಬಿಟ್ಟುಹೋದವನ ಹೆಸರು ಅವನ ಪಾಲಿಗೆ ರಾಜ್ಯಕ್ಕಾಗಿ ಕಾದುವವನ ಹೆಸರಾಗಿತ್ತು.

ಹುಡುಗನ ಲೆಕ್ಕ ಪೂರಾ ತಪ್ಪೂ ಅಲ್ಲ. ಶ್ರವಣಬೆಳಗೊಳದ 58 ಅಡಿಯ ಮೂರ್ತಿ 10ನೆಯ ಶತಮಾನದ ಕೊನೆಯದು. ಕಾರ್ಕಳದ 42 ಅಡಿಯದು 1432ರದು. ವೇಣೂರಿನದು ಸಾಲಿನಲ್ಲಿ ಮೂರನೆಯದು! ಇಲ್ಲಿ ಗಾತ್ರ ಏರುತ್ತ ಹೋಗಲಿಲ್ಲ, ಇಳಿಯುತ್ತ ಬಂದಿತು. ಆದರೂ ತನ್ನೂರಿಗೆ ಎದುರಾಗಿ ಮತ್ತೊಂದು ಗೊಮ್ಮಟ ಏಳಬಾರದೆಂದು ಕಾರ್ಕಳದ ಅರಸನು ಮುನಿದನೆಂದೂ, ಅಜಿಲನು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತಿಟ್ಟು ಉಳಿಸಿಕೊಂಡನೆಂದೂ ಇಲ್ಲಿಯವರು ಹೇಳುತ್ತಾರೆ. ಈ ಕಥೆಯನ್ನು ಮರಳುವಾಗ ವಾಹನದಲ್ಲಿ ಮೊಮ್ಮಗನಿಗೆ ಹೇಳಿದೆವು. ಮರಳಿನಲ್ಲಿ ಹೂತ ಭಾಗವನ್ನು ಅವನು ಮೂರು ಸಲ ಹೇಳಿಸಿದ. ಮೂರನೆಯ ಸಲ ನಾವು ಅರಸನ ಗೂಢಚಾರನೊಬ್ಬನನ್ನು ಸೇರಿಸಿದೆವೆಂಬುದು ಬೇರೆ ಮಾತು.

ಇನ್ನು ನಮ್ಮ ಬಂಟ್ವಾಳಕ್ಕೂ ಈ ವಿದ್ಯೆಯಲ್ಲಿ ಪಾಲಿದೆ. ಬಿ. ವಿ. ಕಾರಂತರು ಈ ತಾಲ್ಲೂಕಿನ ಮಂಚಿಯ ಕಡೆಯವರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದರು. ಆ ಕಂಪನಿಯು ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದಿತ್ತೆಂಬುದು ಹಿರಿಯ ಓದುಗರಿಗೆ ನೆನಪಿರಬಹುದು. ಜನರನ್ನು ಬೆರಗುಗೊಳಿಸುವ ಆಸೆ ಅಮೆರಿಕದವರೊಬ್ಬರದೇ ಅಲ್ಲ. ಅಂಥ ವೈಭವದ ನಡುವೆ ಬೆಳೆದ ಕಾರಂತರು 1979ರಲ್ಲಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದಾಗ, ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಅನ್ನು ರಘುವೀರ ಸಹಾಯರ ಹಿಂದಿ ರೂಪದಲ್ಲಿ, ಯಕ್ಷಗಾನದ ನಡೆಯನ್ನು ಅಳವಡಿಸಿ ‘ಬರ್ನಂ ವನ’ ಎಂದು ಆಡಿಸಿದರು. ಸ್ಕಾಟ್ಲೆಂಡಿನ ಅರಸನ ಒಡಲಿಗೆ ಕರಾವಳಿಯ ಹೆಜ್ಜೆ. ಅದಕ್ಕೂ ಮೊದಲು 1975ರಲ್ಲಿ, ಶಿವರಾಮ ಕಾರಂತರ 1933ರ ಕಾದಂಬರಿ ‘ಚೋಮನ ದುಡಿ’ಯನ್ನು ಅವರು ಚಿತ್ರವನ್ನಾಗಿಸಿದ್ದರು. ಅದಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವೂ, ಚೋಮನಾಗಿದ್ದ ವಾಸುದೇವರಾಯರಿಗೆ ಅತ್ಯುತ್ತಮ ನಟರೆಂಬ ರಾಷ್ಟ್ರಪ್ರಶಸ್ತಿಯೂ ಬಂದವು. ಉಳಲು ಅಂಗೈಯಗಲ ಭೂಮಿಯನ್ನು ಬಯಸಿ, ದಲಿತನೆಂಬ ಕಾರಣಕ್ಕೆ ಅದು ದಕ್ಕದೆ ದುಡಿ ಬಾರಿಸುತ್ತ ಅಳಿದವನ ಕಥೆಯದು. ಯಾರೂ ‘ಚೋಮನ ದುಡಿ ಭಾಗ ಎರಡು’ ತೆಗೆಯಲಿಲ್ಲ. ಶಿವನ ಪುಣ್ಯ.

ಹಾಲಿವುಡ್ಡಿನಲ್ಲಿಯೂ ಇಂಥ ಹದವರಿತ ರೂಪಾಂತರಗಳಿಲ್ಲವೆನ್ನಲಾಗದು. ಟೆಡ್ ಚಿಯಾಂಗ್ ಅವರ 1998ರ ನೀಳ್ಗತೆಯಿಂದ ಹುಟ್ಟಿದ 2016ರ ‘ಅರೈವಲ್’ ಚಿತ್ರದಲ್ಲಿ ಅನ್ಯಲೋಕದವರು ಬಂದಿಳಿದಾಗ ಸರ್ಕಾರವು ಕರೆಸುವುದು ಒಬ್ಬ ಭಾಷಾಶಾಸ್ತ್ರಜ್ಞೆಯನ್ನು. ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಂದು ಒಂದೇ ಬಸ್ಸಿನಲ್ಲಿ ನಾಲ್ಕು ಭಾಷೆ ಕೇಳುವ ನಮ್ಮ ಊರಿನವರಿಗೆ ಅದು ತಟ್ಟನೆ ಅರ್ಥವಾಗುವ ಕಥೆ. ಆದರೆ ನಮ್ಮ ಮನೆಯವರು ಅದನ್ನು ನೋಡಲಾಗಲಿಲ್ಲ. ಇಂಗ್ಲಿಷು ಅವರಿಗೆ ಬಾರದು. ಕನ್ನಡಕ್ಕೆ ಪರಭಾಷಾ ಚಿತ್ರಗಳ ಡಬ್ಬಿಂಗ್ ಕೂಡದೆಂಬ ಅಲಿಖಿತ ನಿಷೇಧ ದಶಕಗಳ ಕಾಲ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗವು ಅದು ಸಲ್ಲದೆಂದು ಆದೇಶಿಸಿದ ಮೇಲೆ ಬಾಗಿಲು ಮೆಲ್ಲಗೆ ತೆರೆದು, 2022ರ ಡಿಸೆಂಬರಿನಲ್ಲಿ ‘ಅವತಾರ್’ ಚಿತ್ರದ ಎರಡನೆಯ ಭಾಗ ಕನ್ನಡದಲ್ಲಿಯೇ ಬಂದಿತು. ನಮ್ಮದೇ ಶಬ್ದವನ್ನು ಹೆಸರಾಗಿ ಹೊತ್ತು ಹೋದದ್ದು ನಮ್ಮ ಮಾತಿನಲ್ಲಿ ಮರಳಲು 2009ರಿಂದ ಅಷ್ಟು ವರ್ಷ ಬೇಕಾದವು. ಡಬ್ಬಿಂಗ್ ಬಂದರೆ ಕನ್ನಡದ ಕಲಾವಿದರ ಹೊಟ್ಟೆಗೆ ಕಲ್ಲು ಬೀಳುವುದೆಂಬ ಅಂಜಿಕೆಯನ್ನು ನಾವು ಹಗುರವಾಗಿ ಕಾಣೆವು. ಆದರೂ ಅಜ್ಜಿ ಮೊಮ್ಮಕ್ಕಳು ಒಂದೇ ಕಥೆಯನ್ನು ಒಂದೇ ಭಾಷೆಯಲ್ಲಿ ನೋಡಿ, ಊಟಕ್ಕೆ ಕುಳಿತು ಅದರ ಮೇಲೆ ವಾದ ಮಾಡುವುದು ಯಾವ ಅಂಜಿಕೆಗಿಂತಲೂ ಮೇಲು. ನಮ್ಮ ಮನೆಯವರ ಅಭಿಪ್ರಾಯ: ನೀರೊಳಗಿನ ದೃಶ್ಯಗಳು ಚೆಂದ, ಕಥೆ ಹಳೆಯದೇ.

ಈಗ ನಮ್ಮ ಕರಾವಳಿಯೇ ಭಾಗಗಳ ವ್ಯಾಪಾರಕ್ಕೆ ಇಳಿದಿದೆ. ರಿಷಬ್ ಶೆಟ್ಟಿಯವರ ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಬಂದಾಗ, ಪಂಜುರ್ಲಿ, ಗುಳಿಗರ ಹೆಸರನ್ನು ಕೇಳಿರದಿದ್ದ ನಮ್ಮ ಹಾವೇರಿಯ ಬಂಧುಗಳೆಲ್ಲ ದೂರವಾಣಿಯಲ್ಲಿ ನಮ್ಮನ್ನು ವಿಚಾರಿಸುವವರಾದರು. ಮೂವತ್ತು ವರ್ಷ ಈ ಸೀಮೆಯಲ್ಲಿದ್ದು ನಾವು ಬರೆದ ಪತ್ರಗಳು ಮಾಡದ ಕೆಲಸವನ್ನು ಒಂದು ಚಿತ್ರ ಮಾಡಿತು. ಅದು ತುಳುವಿಗೂ ಡಬ್ ಆಗಿ, ತನ್ನ ಮೂಲದ ಮಾತಿಗೆ ಮರಳಿತು. 2025ರ ಅಕ್ಟೋಬರ್ 2ರಂದು ಬಂದದ್ದು ಮುಂದಿನ ಭಾಗವಲ್ಲ, ಹಿಂದಿನ ಕಥೆ; ಕದಂಬರ ಕಾಲದ್ದು. ಎರಡನೆಯದಾಗಿ ಬಂದದ್ದನ್ನು ‘ಅಧ್ಯಾಯ ಒಂದು’ ಎಂದು ಕರೆಯುವ ಲೆಕ್ಕಾಚಾರವನ್ನು ಮೊಮ್ಮಕ್ಕಳು ನಮಗೆ ಕಲಿಸಬೇಕಾಯಿತು.

ಚಿತ್ರದ ಶ್ರಮ, ವೈಭವಗಳ ಬಗ್ಗೆ ಎರಡು ಮಾತಿಲ್ಲ. ಆದರೆ ಮೊದಲನೆಯದರಲ್ಲಿ ಒಂದು ಊರು, ಕಾಡಿನಂಚಿನ ಒಂದು ತುಂಡು ಭೂಮಿ, ಅದು ಯಾರದೆಂಬ ಒಂದು ಉರಿಯುವ ಪ್ರಶ್ನೆ ಇತ್ತು. ಎರಡನೆಯದರಲ್ಲಿ ಅರಮನೆ, ಸೈನ್ಯ, ಯುದ್ಧಗಳ ನಡುವೆ ಆ ಪ್ರಶ್ನೆಯ ದನಿ ತಗ್ಗಿತೆಂದು ನಮಗೆ ತೋರಿತು. ಇದಕ್ಕೂ ಮಿಗಿಲಾಗಿ ಇಲ್ಲಿಯ ದೈವಾರಾಧಕರ ನೋವೊಂದಿದೆ. ಮೊದಲ ಚಿತ್ರದ ತರುವಾಯ ಕಂಡಕಂಡ ವೇದಿಕೆಗಳಲ್ಲಿ ದೈವದ ವೇಷ ತೊಟ್ಟು ಕುಣಿಯುವವರು ಹುಟ್ಟಿಕೊಂಡರು. ಹಾಗೆ ಮಾಡಬೇಡಿರೆಂದು ಚಿತ್ರದವರೇ ಬೇಡಿಕೊಳ್ಳಬೇಕಾಯಿತು. ಡೈನೋಸಾರಿಗೆ ಭಕ್ತರಿಲ್ಲ; ಅದನ್ನು ಏಳು ಸಲ ಕುಣಿಸಿದರೂ ಯಾರ ಮನೆಯ ದೀಪವೂ ಆರದು. ಕೋಲದ ದಿನ ವ್ರತ ಹಿಡಿದು, ಪಾಡ್ದನವನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಕುಟುಂಬಗಳ ಕಥೆ ಹಾಗಲ್ಲ. ನಮ್ಮ ನೆರೆಯ ಹಿರಿಯರೊಬ್ಬರು ಹೇಳಿದ್ದು ಇಷ್ಟು: “ಮೇಷ್ಟ್ರೇ, ಪಾಡ್ದನಕ್ಕೆ ಭಾಗ ಎರಡು ಇಲ್ಲ. ಹೇಳುವವರು ಇದ್ದರೆ ಅದು ಇದೆ, ಇಲ್ಲದಿದ್ದರೆ ಇಲ್ಲ.” ಈ ಮಾತಿಗೆ ನಾವು ಉತ್ತರ ಹೇಳಲಿಲ್ಲ. ಇಂಥ ಕಥೆಯನ್ನು ಮೂರನೆಯ ಸಲ ಮುಟ್ಟುವವರು ಈ ಹಿರಿಯರಂಥವರ ಜಗಲಿಯಲ್ಲಿ ಒಂದು ವಾರ ಕುಳಿತು ಬರಲಿ ಎಂದಷ್ಟೇ ನಮ್ಮ ಆಶೆ.

ಕನ್ನಡದಲ್ಲಿ ವೈಜ್ಞಾನಿಕ ಕಥೆಗಳಿಗೆ ಬಡತನವೇನೂ ಇಲ್ಲ. ರಾಜಶೇಖರ ಭೂಸನೂರಮಠರು ಅದನ್ನೇ ವ್ರತದಂತೆ ಹಿಡಿದು ಬರೆದರು. ನಮ್ಮ ಚಿತ್ರರಂಗವು ಅಂಥ ಪುಸ್ತಕಗಳ ಕಡೆ ಹೊರಳಿ ನೋಡಿದ್ದು ಕಡಿಮೆ. ಉಪೇಂದ್ರರು 2002ರಲ್ಲಿಯೇ ಯಂತ್ರಮಾನವನಾಗಿ ನಟಿಸಿದ ಚಿತ್ರವೊಂದುಂಟು. ಅದರ ಹೆಸರೂ ‘ಹಾಲಿವುಡ್’ ಎಂದೇ! ಹೆಸರಿಗೂ ಅಲ್ಲಿಗೇ ಹೋಗಬೇಕಾಯಿತೇ ಎಂದು ಆಗ ನಮಗೆ ಅನಿಸಿತ್ತು.

ಕೊನೆಗೆ ಒಂದು ಕುತೂಹಲ. ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ಕಾದಂಬರಿ 1965ರದು. ಮರುಭೂಮಿಯ ಗ್ರಹವೊಂದರ ಜನ ಒಬ್ಬ ತರುಣನನ್ನು ತಮ್ಮ ಉದ್ಧಾರಕನೆಂದು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಓದುಗರೂ ಹಾಗೆಯೇ ಮೆರೆಸಿದರು. ಹರ್ಬರ್ಟರಿಗೆ ಬೇಕಾಗಿದ್ದುದು ಅದಲ್ಲ. 1969ರಲ್ಲಿ ‘ಡ್ಯೂನ್ ಮೆಸ್ಸಾಯ’ ಎಂಬ ಮುಂದಿನ ಭಾಗವನ್ನು ಬರೆದು, ಆ ಉದ್ಧಾರಕನ ಹೆಸರಿನಲ್ಲಿ ಹರಿದ ನೆತ್ತರಿನ ಲೆಕ್ಕವನ್ನು ಓದುಗರ ಮುಂದಿಟ್ಟರು. 2021 ಮತ್ತು 2024ರಲ್ಲಿ ಮೊದಲ ಕಾದಂಬರಿಯನ್ನು ಎರಡು ಚಿತ್ರಗಳಾಗಿಸಿದ ದೆನಿ ವಿಲ್‌ನವ್ ಅವರು ಮೂರನೆಯದಕ್ಕೆ ಈ ಪುಸ್ತಕವನ್ನೇ ಆರಿಸಿಕೊಂಡಿದ್ದಾರೆ. ಬೆಳ್ಳಿತೆರೆಯ ಮೇಲೆ ಎರಡು ಸಲ ಮೆರೆಸಿದವನನ್ನು ಮೂರನೆಯ ಸಲ ಕಟಕಟೆಯಲ್ಲಿ ನಿಲ್ಲಿಸುವ ಧೈರ್ಯ ಅವರಿಗುಂಟೇ, ಟಿಕೆಟ್ ಕೊಂಡವರಿಗೆ ಅದನ್ನು ನೋಡುವ ತಾಳ್ಮೆಯುಂಟೇ ಎಂದು ಮೊಮ್ಮಗಳೊಡನೆ ನಮ್ಮ ವಾದ ನಡೆದೇ ಇದೆ. ಅವಳು ಪುಸ್ತಕ ಓದಿ ಮುಗಿಸಿದ್ದಾಳೆ. ನಾವು ಅರ್ಧಕ್ಕೆ ಬಂದಿದ್ದೇವೆ.